ಅಡಿಕೆ ಅಂಗಡಿಯ ಬಿಲ್ಲು ಬರೆಯುವ ಎಐ: ಸಾಫ್ಟ್‌ವೇರ್ ಕೆಲಸದಲ್ಲಿ ಕರಗುತ್ತಿರುವುದು ಯಾವ ಭಾಗ?

ಕರ್ನಾಟಕದ ಸಿಇಟಿ, ಕೇರಳದ ಕೀಮ್ ಪ್ರವೇಶ ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಒಂದೇ ಚರ್ಚೆ. ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಮಗಳಿಗೆ ಮಂಗಳೂರಿನಲ್ಲಿ ಕಂಪ್ಯೂಟರ್ ಸಯನ್ಸ್ ಸೀಟು ಸಿಗುವ ಹಾಗಿದೆ. ಇತ್ತ ಪೊವ್ವಲಿನ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜೂ ಉಂಟು, ಮನೆಯಿಂದಲೇ ಹೋಗಿ ಬರಬಹುದು. ಆದರೆ ನಾಲ್ಕು ವರ್ಷ ಕಳೆದು ಡಿಗ್ರಿ ಕೈಗೆ ಬರುವಾಗ ಕೋಡು ಬರೆಯುವ ಕೆಲಸ ಅಂತ ಒಂದು ಉಳಿದಿರುತ್ತದೆಯೇ? ಎಲ್ಲವನ್ನೂ ಎಐ ಬರೆಯುತ್ತದಂತಲ್ಲ?

ಈ ಭಯಕ್ಕೆ ಆಧಾರ ಇದೆ. ಆದರೆ ಪೆಟ್ಟು ಬೀಳುತ್ತಿರುವ ಜಾಗ ಯಾವುದೆಂದು ಸರಿಯಾಗಿ ನೋಡದೆ ಸೀಟು ಬಿಡುವುದೂ ತಪ್ಪು, ಕಣ್ಣು ಮುಚ್ಚಿ ಸೇರಿಸುವುದೂ ತಪ್ಪು. ಸಾಫ್ಟ್‌ವೇರ್ ಕೆಲಸಕ್ಕೆ ಹಲವು ಪದರಗಳಿವೆ: ಏನು ಬೇಕೆಂದು ಕೇಳಿ ತಿಳಿಯುವುದು, ಅದನ್ನು ಹೇಗೆ ಕಟ್ಟಬೇಕೆಂದು ನಿರ್ಧರಿಸುವುದು, ಕೋಡು ಬರೆಯುವುದು, ಪರೀಕ್ಷಿಸುವುದು, ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವುದು. ಎಐ ಮೊದಲು ಕೈಹಾಕಿದ್ದು ಹೊಸಬರು ಕೂತು ಕೆಲಸ ಕಲಿಯುತ್ತಿದ್ದ ಪದರಕ್ಕೆ. ತೊಂದರೆಯ ಬೇರು ಅಲ್ಲಿದೆ.

ಎಲ್ಲ ಪಾಪವೂ ಎಐಯದ್ದಲ್ಲ

2023–24ರ ಹಣಕಾಸು ವರ್ಷದಲ್ಲಿ ಟಿಸಿಎಸ್‌ನ ಉದ್ಯೋಗಿಗಳ ಸಂಖ್ಯೆ 13,249ರಷ್ಟು, ಇನ್ಫೋಸಿಸ್‌ನದ್ದು 25,994ರಷ್ಟು ಇಳಿಯಿತು. ಇದನ್ನು ಎಐಯ ತಲೆಗೆ ಕಟ್ಟುವವರು ತಾರೀಕು ನೋಡಬೇಕು. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ಕ್ಕೆ. ದೊಡ್ಡ ಕಂಪೆನಿಗಳ ದಿನನಿತ್ಯದ ಕೆಲಸದೊಳಗೆ ಇಂಥ ಸಾಧನಗಳು ಇಳಿಯಲು ಇನ್ನೂ ಸಮಯ ಹಿಡಿಯಿತು. ಆ ಇಳಿಕೆಯ ಹಿಂದೆ ಇದ್ದದ್ದು ಬೇರೆ: ಕೋವಿಡ್ ಕಾಲದ 2021–22ರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಂಡಿದ್ದರು, 2022ರ ಮಾರ್ಚಿನಲ್ಲಿ ಹೆಚ್ಚುಕಡಿಮೆ ಸೊನ್ನೆಯಲ್ಲಿದ್ದ ಅಮೆರಿಕದ ಬಡ್ಡಿದರ 2023ರ ಜುಲೈ ಹೊತ್ತಿಗೆ ಶೇ. 5.25–5.50ಕ್ಕೆ ಏರಿತು, ಅಲ್ಲಿನ ಬ್ಯಾಂಕುಗಳೂ ಅಂಗಡಿ ಸರಣಿಗಳೂ ಹೊಸ ಪ್ರಾಜೆಕ್ಟುಗಳನ್ನು ಮುಂದಕ್ಕೆ ಹಾಕಿದವು. ಆಫರ್ ಲೆಟರ್ ಹಿಡಿದುಕೊಂಡು ವರ್ಷ, ಎರಡು ವರ್ಷ ಕಾದ 2022ರ ಬ್ಯಾಚಿನ ಮಕ್ಕಳು ಈ ಏರಿಳಿತಕ್ಕೆ ಸಿಕ್ಕಿದವರು.

2025ರ ಜುಲೈಯಲ್ಲಿ ಟಿಸಿಎಸ್ ತನ್ನ ಉದ್ಯೋಗಿಗಳಲ್ಲಿ ಸುಮಾರು ಶೇ. 2ರಷ್ಟು, ಅಂದರೆ 12,000ಕ್ಕಿಂತ ಹೆಚ್ಚು ಜನರನ್ನು ಕಡಿತ ಮಾಡುವುದಾಗಿ ಹೇಳಿತು. ಅದು ಬಹುಪಾಲು ಮಧ್ಯಮ ಮತ್ತು ಹಿರಿಯ ಹುದ್ದೆಗಳ ಮೇಲಿನ ಮಾತು. ಕಾರಣ ಕೌಶಲ ಹೊಂದಿಕೆಯಾಗದಿರುವುದು, ಎಐಯಿಂದ ಕೆಲಸ ಉಳಿತಾಯವಾದದ್ದಲ್ಲ ಎಂದು ಕಂಪೆನಿ ವಿವರಿಸಿತು.

ಎಐಯದ್ದೇ ಹೆಜ್ಜೆಗುರುತು ಕಾಣಿಸುವುದು ಇನ್ನೊಂದು ಕಡೆ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಜಾಲ್ಫ್‌ಸನ್ ಮತ್ತು ಸಂಗಡಿಗರು ಅಮೆರಿಕದ ಸಂಬಳಪಟ್ಟಿಗಳ ದತ್ತಾಂಶ ತೆಗೆದು 2025ರ ಆಗಸ್ಟಿನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 22ರಿಂದ 25 ವಯಸ್ಸಿನ ಸಾಫ್ಟ್‌ವೇರ್ ಡೆವಲಪರುಗಳ ಸಂಖ್ಯೆ 2022ರ ಕೊನೆಯ ಗರಿಷ್ಠ ಮಟ್ಟದಿಂದ 2025ರ ಜುಲೈಗೆ ಸುಮಾರು ಶೇ. 20 ಕುಸಿದಿತ್ತು. ಅದೇ ಕೆಲಸದಲ್ಲಿದ್ದ ಹೆಚ್ಚು ವಯಸ್ಸಿನವರ ಸಂಖ್ಯೆಯಲ್ಲಿ ಅಂಥ ಕುಸಿತ ಕಾಣಲಿಲ್ಲ. ಬಡ್ಡಿದರವೊಂದೇ ಕಾರಣವಾಗಿದ್ದರೆ ಎಲ್ಲ ವಯಸ್ಸಿನವರಿಗೂ ತಟ್ಟಬೇಕಿತ್ತು. ಲೆಕ್ಕ ಅಮೆರಿಕದ್ದೇ ಆದರೂ ಬೆಂಗಳೂರು, ಮಂಗಳೂರು, ಕೊಚ್ಚಿಯ ಕಚೇರಿಗಳಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಅದೇ ಮಾರುಕಟ್ಟೆಗೆ. ಅಲ್ಲಿ ಬಿಗಿಯಾದದ್ದು ಇಲ್ಲಿಗೆ ಮುಟ್ಟದೆ ಇರುವುದಿಲ್ಲ.

ಹೊಸಬರೇ ಏಕೆ?

ನಮ್ಮ ಸೇವಾ ಕಂಪೆನಿಗಳು ಹಣ ಮಾಡುವುದು ಮುಖ್ಯವಾಗಿ ಜನರ ಗಂಟೆಗಳನ್ನು ಮಾರಿ. ಒಂದು ಪ್ರಾಜೆಕ್ಟಿಗೆ 10 ಜನ ಎಂದಿಟ್ಟುಕೊಳ್ಳಿ: ಒಬ್ಬ ಮ್ಯಾನೇಜರ್, ಇಬ್ಬರು ಪಳಗಿದವರು, ಎರಡು ಮೂರು ವರ್ಷ ಅನುಭವದ ಮೂವರು, ನಾಲ್ವರು ಹೊಸಬರು. ಹೊಸಬರ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿದೆ. ಗಿರಾಕಿಯಿಂದ ಬರುವ ಗಂಟೆಯ ದರಕ್ಕೂ ಈ ಸಂಬಳಕ್ಕೂ ನಡುವಿನ ಅಂತರವೇ ಕಂಪೆನಿಯ ಲಾಭ. ಹಾಗಾಗಿ ಹೊಸಬರಿರುವ ಪಿರಮಿಡ್ಡಿನ ಬುಡ ಅಗಲವಾದಷ್ಟೂ ಒಳ್ಳೆಯದು ಎಂಬ ವ್ಯವಸ್ಥೆ ಬೆಳೆಯಿತು.

ಆ ನಾಲ್ವರಿಗೆ ಕೊಡುತ್ತಿದ್ದ ಕೆಲಸ ಯಾವುದು? ಹೆಸರು, ವಿಳಾಸ ತುಂಬುವ ಫಾರ್ಮುಗಳ ಪರದೆ, ತಿಂಗಳ ವರದಿ, ಟೆಸ್ಟ್ ಕೇಸು, ಹಳೆಯ ಜಾವಾ ಆವೃತ್ತಿಯಿಂದ ಹೊಸದಕ್ಕೆ ಸಾಗಿಸುವುದು, ಕೋಡಿಗೆ ವಿವರಣೆ ಬರೆಯುವುದು. ಇವೆಲ್ಲ ಲೋಕದಲ್ಲಿ ಲಕ್ಷಾಂತರ ಸಲ ಬರೆದು ಮುಗಿದಿರುವಂಥವು. ಭಾಷಾ ಮಾದರಿ, ಅಂದರೆ ಚಾಟ್‌ಜಿಪಿಟಿಯಂಥ ಎಐಯ ಒಳಗಿನ ಯಂತ್ರ, ಕಲಿಯುವುದು ಬರೆದಿಟ್ಟ ಪಠ್ಯದಿಂದ. ಹೆಚ್ಚು ಉದಾಹರಣೆ ಇದ್ದಲ್ಲಿ ಅದರ ಕೈ ಹೆಚ್ಚು ಕುದುರುತ್ತದೆ. ಹೊಸಬರ ಕೆಲಸವೂ ಎಐಗೆ ಸುಲಭವಾಗಿ ಬರುವ ಕೆಲಸವೂ ಒಂದೇ ಆಗಿಬಿಟ್ಟದ್ದು ಹೀಗೆ. ಮೊದಲು 100 ಗಂಟೆ ಬೇಕಾದ್ದು 60ರಲ್ಲಿ ಮುಗಿಯುತ್ತದೆಂದು ಗಿರಾಕಿಗೆ ತಿಳಿದ ದಿನವೇ ದರ ಇಳಿಸು ಎನ್ನುತ್ತಾನೆ. ಆಗ 10 ಜನರ ತಂಡ ಆರಕ್ಕೆ ಬರುತ್ತದೆ, ನಾಲ್ವರು ಹೊಸಬರ ಜಾಗದಲ್ಲಿ ಒಬ್ಬರು ಉಳಿಯುತ್ತಾರೆ.

ಇದರಲ್ಲಿ ಕಂಪೆನಿಗಳೂ ಮೈಮರೆಯುತ್ತಿವೆ ಎಂಬುದು ನಮ್ಮ ಅಭಿಪ್ರಾಯ. ಇವತ್ತು ಹೊಸಬರನ್ನು ತೆಗೆದುಕೊಳ್ಳದವರಿಗೆ ಐದು ವರ್ಷ ಕಳೆದು ಐದು ವರ್ಷದ ಅನುಭವಿ ಎಲ್ಲಿಂದ ಸಿಗುತ್ತಾರೆ? ಸಸಿ ನೆಡದೆ ಏಳನೆಯ ವರ್ಷ ಕೊಯ್ಲಿಗೆ ಏಣಿ ಹಿಡಿದು ಹೋದ ಹಾಗೆ.

ಒಂದು ಬಿಲ್ಲನ್ನು ಹತ್ತಿರದಿಂದ

ಎಐ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಂದು ಕೆಲಸ ಕೊಟ್ಟು ನೋಡುವುದು ಒಳ್ಳೆಯದು. ನೀರ್ಚಾಲಿನಲ್ಲೋ ಕುಂಬಳೆಯಲ್ಲೋ ಇರುವ ಒಂದು ಅಡಿಕೆ ಅಂಗಡಿಗೆ ಖರೀದಿ ಬಿಲ್ಲಿನ ತಂತ್ರಾಂಶ ಬೇಕು. ಕೃಷಿಕರ ಹೆಸರು, ಅಡಿಕೆಯ ಬಗೆ, ತೂಕ, ದರ, ಮೊತ್ತ. ಇಷ್ಟನ್ನು ಹೇಳಿ ಮಾಡಿಕೊಡು ಎಂದರೆ ಸಾಕು. ಈಗಿನ ಸಾಧನಗಳು ಐದು ಹೆಜ್ಜೆಯಲ್ಲಿ ನಡೆಯುತ್ತವೆ: ಇರುವ ಕಡತಗಳನ್ನು ಓದುತ್ತವೆ, ಯೋಜನೆ ಹಾಕುತ್ತವೆ, ಕೋಡು ಬರೆಯುತ್ತವೆ, ತಾವೇ ಓಡಿಸಿ ನೋಡುತ್ತವೆ, ತಪ್ಪು ಸಂದೇಶ ಬಂದರೆ ಅದನ್ನೇ ಓದಿ ತಿದ್ದಿ ಮತ್ತೆ ಓಡಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಪರದೆ ಸಿದ್ಧ. ಬಗೆಯ ಪಟ್ಟಿಯಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಲ್ಲ ಇವೆ. ಬಿಲ್ಲು ಪ್ರಿಂಟೂ ಆಗುತ್ತದೆ. ಕಾಲೇಜು ಪ್ರಾಜೆಕ್ಟಾದರೆ ಪೂರ್ತಿ ಅಂಕ.

ಅಂಗಡಿಯಲ್ಲಿ ಒಂದು ವರ್ಷ ಓಡಿಸಿದಾಗ ಏನಾಗುತ್ತದೆ ಎಂಬುದು ಬೇರೆ ಕತೆ.

ಈ ವರ್ಷದ ಹೊಸ ಅಡಿಕೆ ಮುಂದಿನ ವರ್ಷಕ್ಕೆ ಹಳೆ ಅಡಿಕೆ. ಇನ್ನೂ ದಾಸ್ತಾನಿಟ್ಟರೆ ಡಬಲ್ ಚೋಲ್. ಬಗೆ ಎಂಬುದು ಇಲ್ಲಿ ಸೋಪಿನ ಬ್ರ್ಯಾಂಡಿನ ಹಾಗೆ ನಿಂತ ಹೆಸರಲ್ಲ, ಕಾಲದೊಂದಿಗೆ ಸರಿಯುವ ಹೆಸರು. ಹೇಳದಿದ್ದರೆ ಎಐ ಅದನ್ನು ನಿಂತ ಹೆಸರೆಂದೇ ತಿಳಿದು ಬಿಲ್ಲಿನ ಸಾಲಿನಲ್ಲಿ ಬಗೆಯ ಗುರುತು ಸಂಖ್ಯೆಯನ್ನು ಮಾತ್ರ ಬರೆದಿಡುವ ಸಾಧ್ಯತೆ ಹೆಚ್ಚು. ಸೀಸನ್ ಬದಲಾದಾಗ ಅಂಗಡಿಯವರು ಆ ಸಂಖ್ಯೆಯ ಹೆಸರನ್ನು ‘ಹೊಸ’ದಿಂದ ‘ಹಳೆ’ಗೆ ತಿದ್ದುತ್ತಾರೆ. ಅಷ್ಟರಲ್ಲಿ ಹೋದ ವರ್ಷದ ಬಿಲ್ಲುಗಳೆಲ್ಲ ಹಳೆ ಅಡಿಕೆಯ ಬಿಲ್ಲುಗಳಾಗಿ ಬದಲಾದವು. ದರವನ್ನೂ ದರಪಟ್ಟಿಯಿಂದಲೇ ಎತ್ತಿಕೊಳ್ಳುವಂತೆ ಬರೆದಿದ್ದರೆ ಇನ್ನೂ ಕೆಟ್ಟದು: ಹಳೆಯ ಬಿಲ್ಲನ್ನು ಮತ್ತೆ ಪ್ರಿಂಟ್ ತೆಗೆದರೆ ಇವತ್ತಿನ ದರದಲ್ಲಿ ಮೊತ್ತ ಬರುತ್ತದೆ. ಪರಿಹಾರ ಕಷ್ಟದ್ದಲ್ಲ. ಬಿಲ್ಲು ಬರೆದ ದಿನದ ಬಗೆಯ ಹೆಸರು, ದರ ಎರಡನ್ನೂ ಬಿಲ್ಲಿನ ಸಾಲಿಗೇ ನಕಲು ಮಾಡಿಡಬೇಕು; ಕೊಯ್ಲಿನ ವರ್ಷಕ್ಕೆ ಬೇರೆ ಕಾಲಂ ಬೇಕು; ದರಪಟ್ಟಿಯಲ್ಲಿ ‘ಯಾವ ದಿನದಿಂದ’ ಎಂಬ ತಾರೀಕು ಇರಬೇಕು.

ಎರಡನೆಯದು ಪೈಸೆಯ ಲೆಕ್ಕ. 37.650 ಕಿಲೋ ಅಡಿಕೆ, ಕಿಲೋಗೆ 435.50 ರೂಪಾಯಿ ಎಂದಿರಲಿ. ಗುಣಿಸಿದರೆ 16,396.575. ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳು ಒಳಗೆ ದ್ವಿಮಾನದಲ್ಲಿ (ಬರೀ 0, 1 ಅಂಕಿಗಳಲ್ಲಿ) ಅಂದಾಜಾಗಿ ಕೂರುವುದರಿಂದ ಪರದೆಯ ಮೇಲೆ 16,396.58, ತಿಂಗಳ ವರದಿಯಲ್ಲಿ 16,396.57 ಎಂದು ಬರಬಹುದು. ಒಂದು ಪೈಸೆ ತಾನೇ ಎನ್ನಬೇಡಿ. ವರ್ಷದ ಕೊನೆಗೆ ಎರಡು ಪುಸ್ತಕ ತಾಳೆಯಾಗದೆ ಲೆಕ್ಕಿಗರು ತಲೆ ಕೆರೆದುಕೊಳ್ಳುವುದು ಇಂಥದ್ದಕ್ಕೇ. ತೂಕವನ್ನು ಗ್ರಾಮಿನಲ್ಲಿ, ದರವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಬೇಕು: 37,650 ಗ್ರಾಂ, 43,550 ಪೈಸೆ. ಗುಣಿಸಿ 1,000ದಿಂದ ಭಾಗಿಸಿದರೆ 16,39,657.5 ಪೈಸೆ. ಆ ಅರ್ಧ ಪೈಸೆಯನ್ನು ಮೇಲಕ್ಕೋ ಕೆಳಕ್ಕೋ ಎಂಬ ನಿಯಮವನ್ನು ಒಂದೇ ಕಡೆ ಬರೆದು ಎಲ್ಲೆಡೆ ಅದನ್ನೇ ಕರೆಯಬೇಕು.

ಮೂರನೆಯದು ನಮ್ಮ ಊರಿನದ್ದೇ ತೊಂದರೆ, ಹೆಸರು. ‘ಕಾಸರಗೋಡು’ ಎಂಬುದು ನಮಗೆ ಐದು ಅಕ್ಷರ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡಿನಲ್ಲಿ ಅದು 8 ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ 24 ಬೈಟು, ಏಕೆಂದರೆ ಒಂದೊಂದು ಸಂಕೇತಕ್ಕೂ 3 ಬೈಟು. ವಿಳಾಸಕ್ಕೆ 40 ಬೈಟಿನ ಜಾಗ ಕೊಟ್ಟರೆ ಇಂಗ್ಲಿಷಿನ ವಿಳಾಸ ಕೂರುತ್ತದೆ, ಕನ್ನಡದ್ದು ಅರ್ಧಕ್ಕೆ ತುಂಡಾಗುತ್ತದೆ. ಇಷ್ಟೇ ಅಲ್ಲ. ‘ಗೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಗುರುತು, ದೀರ್ಘ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಹಳೆಯ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸಿದ ಕಡತಗಳಲ್ಲಿ ಈ ಬಿಡಿ ರೂಪ ನುಸುಳಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಹುಡುಕಿದರೆ ‘ಸಿಗಲಿಲ್ಲ’ ಎನ್ನುತ್ತದೆ, ಅಂಗಡಿಯವರು ಅದೇ ಕೃಷಿಕರ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯುತ್ತಾರೆ. ಉಳಿಸುವ ಮೊದಲು ಪಠ್ಯವನ್ನು ಒಂದೇ ರೂಪಕ್ಕೆ ತರುವ ಒಂದು ಸಾಲಿನ ಕೋಡು ಇದಕ್ಕೆ ಸಾಕು, ಆದರೆ ಆ ಸಾಲು ಬೇಕೆಂದು ಯಾರಾದರೂ ಹೇಳಬೇಕು. ಇನ್ನು ನಮ್ಮಲ್ಲಿ ಒಬ್ಬರದೇ ಹೆಸರು ರೇಷನ್ ಕಾರ್ಡಿನಲ್ಲಿ ಮಲಯಾಳ, ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಹೆಸರನ್ನು ಹೊಂದಿಸಿ ಖಾತೆ ಗುರುತಿಸುವ ಯಾವ ತಂತ್ರಾಂಶವೂ ಈ ಸಪ್ತಭಾಷಾ ನೆಲದಲ್ಲಿ ಬಾಳುವುದಿಲ್ಲ. ಪ್ರತ್ಯೇಕ ಖಾತೆ ಸಂಖ್ಯೆ ಕೊಡಲೇಬೇಕು.

ಪರೀಕ್ಷೆ ಮಾಡಿದರೆ ಸಿಗುತ್ತಿರಲಿಲ್ಲವೇ ಎಂದು ಕೇಳಬಹುದು. ಪರೀಕ್ಷೆಯನ್ನೂ ಎಐಯೇ ಬರೆದಿರುತ್ತದೆ. ಕೋಡು ಬರೆಯುವಾಗ ಯಾವ ಊಹೆ ಮಾಡಿತೋ ಅದೇ ಊಹೆಯ ಮೇಲೆ ಪರೀಕ್ಷೆಯೂ ನಿಲ್ಲುತ್ತದೆ: ಇದೇ ವರ್ಷದ ಬಿಲ್ಲು, ಇಂಗ್ಲಿಷ್ ಹೆಸರು, 10 ಕಿಲೋ, 400 ರೂಪಾಯಿ. ಎಲ್ಲದಕ್ಕೂ ಹಸಿರು ಗುರುತು ಬೀಳುತ್ತದೆ. ಈ ಹಸಿರು ಗುರುತನ್ನು ನಂಬುವುದೇ ಈಗ ನಡೆಯುತ್ತಿರುವ ಅತಿ ದೊಡ್ಡ ತಪ್ಪು.

ಮೇಲಿನ ಒಂದೊಂದು ದೋಷವನ್ನೂ ಬೊಟ್ಟು ಮಾಡಿ ತೋರಿಸಿದರೆ ಎಐ ಒಂದೆರಡು ನಿಮಿಷದಲ್ಲಿ ತಿದ್ದುತ್ತದೆ. ಬೊಟ್ಟು ಮಾಡಲು ಎರಡು ತಿಳಿವಳಿಕೆ ಬೇಕು. ಒಂದು, ಎರಡನೆಯ ವರ್ಷದ ಡೇಟಾಬೇಸ್ ಪಾಠ ಗಟ್ಟಿಯಾಗಿರುವುದು. ಇನ್ನೊಂದು, ಅಡಿಕೆ ಅಂಗಡಿ ಹೇಗೆ ನಡೆಯುತ್ತದೆಂದು ಗೊತ್ತಿರುವುದು. ಹೊಸಬರು ಮೊದಲನೆಯದನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ, ಇಂಥದೇ ತಪ್ಪು ಮಾಡಿ, ಹಿರಿಯರಿಂದ ಬೈಸಿಕೊಂಡು. ಆ ಮೆಟ್ಟಿಲು ಈಗ ಅರ್ಧ ಮುರಿದಿದೆ.

ವೇಗದ ಲೆಕ್ಕ ಎರಡು ತೆರ

ಕೋಡು ಬರೆಯಲು ನೆರವಾಗುವ ಎಐ ಸಾಧನ ಗಿಟ್‌ಹಬ್ ಕೋಪೈಲಟ್ ಬಳಸಿ ನಡೆಸಿದ ಒಂದು ಪ್ರಯೋಗದಲ್ಲಿ 95 ಡೆವಲಪರುಗಳಿಗೆ ಸಣ್ಣದೊಂದು ವೆಬ್ ಸರ್ವರ್ ಬರೆಯಲು ಕೊಟ್ಟಾಗ, ಎಐ ಇದ್ದವರು ಶೇ. 55.8ರಷ್ಟು ಬೇಗ ಮುಗಿಸಿದರು. 2025ರ ಜುಲೈಯಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಪ್ರಯೋಗದಲ್ಲಿ ಫಲಿತಾಂಶ ತಿರುಗುಮುರುಗಾಯಿತು. ತಾವೇ ವರ್ಷಗಟ್ಟಲೆ ನೋಡಿಕೊಂಡ ದೊಡ್ಡ ಮುಕ್ತ ತಂತ್ರಾಂಶಗಳಲ್ಲಿ (ಕೋಡು ಎಲ್ಲರಿಗೂ ತೆರೆದಿರುವವು) 16 ಅನುಭವಿಗಳು 246 ಕೆಲಸ ಮಾಡಿದರು. ಎಐ ಬಳಸಿದಾಗ ಶೇ. 19 ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು ತಮಗೆ ಶೇ. 20 ಸಮಯ ಉಳಿಯಿತೆಂದೇ ತಿಳಿದಿದ್ದರು.

ಎರಡೂ ಸುಳ್ಳಲ್ಲ. ಹೊಸದಾಗಿ, ಸಣ್ಣದಾಗಿ ಕಟ್ಟುವಾಗ ಓಟ ಜೋರು. ದೊಡ್ಡ ಹಳೆಯ ಮನೆಯಲ್ಲಿ ಒಂದು ಗೋಡೆ ಒಡೆಯುವಾಗ ಯಾವ ತೊಲೆ ಯಾವುದರ ಮೇಲೆ ನಿಂತಿದೆ ಎಂಬುದು ಬರೆದಿಟ್ಟಿರುವುದಿಲ್ಲ, ಬಲ್ಲವರ ತಲೆಯಲ್ಲಿರುತ್ತದೆ. ಎಐ ಬರೆದದ್ದನ್ನು ಓದಿ, ಅನುಮಾನಪಟ್ಟು, ತಿದ್ದುವ ಸಮಯ ಅಲ್ಲಿ ಉಳಿತಾಯವನ್ನು ನುಂಗುತ್ತದೆ. ಸಾಧನಗಳು ಆಮೇಲೆ ಸುಧಾರಿಸಿವೆ, ಆ ಶೇ. 19ನ್ನು ಇಂದಿನ ದರವೆಂದು ಹಿಡಿಯಬಾರದು. ಆದರೆ ನಮಗೆ ವೇಗ ಸಿಕ್ಕಿತೆಂಬ ಅನಿಸಿಕೆ ಗಡಿಯಾರದೊಂದಿಗೆ ತಾಳೆಯಾಗಲೇಬೇಕಿಲ್ಲ ಎಂಬ ಪಾಠ ಹಳತಾಗುವುದಿಲ್ಲ.

ಇನ್ನೊಂದು ಅಪಾಯ, ಇಲ್ಲದ್ದನ್ನು ಇದೆ ಎನ್ನುವುದು. 16 ಮಾದರಿಗಳಿಂದ ಬರೆಸಿದ 5.76 ಲಕ್ಷ ಕೋಡು ತುಣುಕುಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ, ಅವು ಸೂಚಿಸಿದ ಪ್ಯಾಕೇಜುಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳಲ್ಲಿ) ಶೇ. 19.7 ಎಲ್ಲಿಯೂ ಇಲ್ಲದವು ಎಂದು ಕಂಡಿತು. ವಾಣಿಜ್ಯ ಮಾದರಿಗಳಲ್ಲಿ ಇದು ಶೇ. 5ರ ಆಸುಪಾಸು. ಇಂಥ ಹೆಸರು ಮತ್ತೆ ಮತ್ತೆ ಬರುತ್ತದೆಂದು ಗಮನಿಸಿದ ಕಳ್ಳರು ಅದೇ ಹೆಸರಿನಲ್ಲಿ ವಿಷ ತುಂಬಿದ ಪ್ಯಾಕೇಜು ಹಾಕಿಡಬಹುದು. ಆಮೇಲೆ ಇನ್‌ಸ್ಟಾಲ್ ಎಂದವರ ಗತಿ ಹೇಳುವುದು ಬೇಡ. ಪ್ಯಾಕೇಜು ಹಾಕುವ ಮೊದಲು ಅದರ ಪುಟ ತೆರೆದು ಯಾವಾಗ ಶುರುವಾಯಿತು, ಎಷ್ಟು ಜನ ಬಳಸುತ್ತಾರೆ, ಕೋಡು ಎಲ್ಲಿದೆ ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು.

ಕಾಸರಗೋಡಿನ ವಿದ್ಯಾರ್ಥಿ ಏನು ಮಾಡಬಹುದು

ಕೈತಪ್ಪುವ ಕೆಲಸಗಳನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಪರದೆ ನೋಡಿ ಒತ್ತಿ ಒತ್ತಿ ಪರೀಕ್ಷಿಸುವ ಟೆಸ್ಟಿಂಗ್, ನಾಲ್ಕು ಪುಟದ ವೆಬ್‌ಸೈಟ್ ಮಾಡಿಕೊಡುವುದು, ಮೊದಲ ಹಂತದ ಗ್ರಾಹಕ ಸಹಾಯ: ಇವನ್ನೇ ನಂಬಿ ಆರು ತಿಂಗಳ ಕೋರ್ಸಿಗೆ ಸಾಲ ಮಾಡಿ ಹಣ ಕಟ್ಟಬೇಡಿ.

ಗಡಿಯ ಈಚೆಯ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ನಾವೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೇರಳದ ಶಾಲೆಗಳಲ್ಲಿ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್, ವಿಂಡೋಸ್ ಬದಲಿಗೆ ಮುಕ್ತ ತಂತ್ರಾಂಶವಾದ ಲಿನಕ್ಸ್ ಇರುವ ಕಂಪ್ಯೂಟರುಗಳಲ್ಲೇ ಐಟಿ ಪಾಠ ನಡೆಸುತ್ತದೆ. 2024–25ರಲ್ಲಿ 7ನೆಯ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪುಸ್ತಕಕ್ಕೆ ಎಐ ಪಾಠ ಸೇರಿತು, ಕನ್ನಡ ಮಾಧ್ಯಮದವರಿಗೂ ಅದು ಕನ್ನಡದಲ್ಲೇ ಬಂತು. ಸರ್ವರುಗಳ ಲೋಕ ಬಹುಪಾಲು ಲಿನಕ್ಸಿನ ಮೇಲೆ ನಿಂತಿದೆ. ಹತ್ತನೆಯ ತರಗತಿಯೊಳಗೆ ಅದರ ಪರಿಚಯ ಆದವರು ಕಾಲೇಜಿನಲ್ಲಿ ಅದನ್ನು ಮರೆಯದೆ ಮುಂದುವರಿಸಬೇಕು.

ಮೊದಲ ಎರಡು ಸೆಮಿಸ್ಟರ್ ಎಐ ನೆರವಿಲ್ಲದೆ ಬರೆಯಿರಿ. ಇದು ಹಟವಲ್ಲ. ತಪ್ಪು ಸಂದೇಶವನ್ನು ಓದಿ, ಎಲ್ಲಿ ಕೆಟ್ಟಿತೆಂದು ಹುಡುಕುವ ಕೈಚಳಕ ಬೆಳೆಯುವುದು ಸಿಕ್ಕಿಬಿದ್ದಾಗ ಮಾತ್ರ. ಡೇಟಾಬೇಸನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್ ಅನ್ನು ಕೈಯಲ್ಲಿ ಬರೆದು, ಎರಡು ಟೇಬಲ್ ಜೋಡಿಸುವಾಗ ಸಾಲುಗಳು ಏಕೆ ದುಪ್ಪಟ್ಟಾಗುತ್ತವೆ ಎಂದು ಕಾಗದದ ಮೇಲೆ ಬಿಡಿಸಿ ನೋಡಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಬಳಸಿ, ದಿನಕ್ಕೊಂದಾದರೂ ಅರ್ಥವಾಗುವ ಕಮಿಟ್ (ಬದಲಾವಣೆಯ ದಾಖಲೆ) ಹಾಕಿ. ಮೂರನೆಯ ಸೆಮಿಸ್ಟರಿನಿಂದ ಎಐ ಬಳಸಿ, ಆದರೆ ಅನುಕ್ರಮ ತಲೆಕೆಳಗಾಗಲಿ: ಮೊದಲು ನೀವು ಪರೀಕ್ಷೆ ಬರೆಯಿರಿ, ಆಮೇಲೆ ಕೋಡು ಅದು ಬರೆಯಲಿ. ಬಂದ ಕೋಡಿನಲ್ಲಿ ನಿಮಗೆ ವಿವರಿಸಲಾಗದ ಒಂದು ಸಾಲನ್ನೂ ಉಳಿಸಬೇಡಿ. ಕೆಲವು ಸಂದರ್ಶನಗಳಲ್ಲಿ ಈಗ ದೋಷ ತುಂಬಿದ ಕೋಡನ್ನು ಮುಂದಿಟ್ಟು ಏನು ಸರಿಯಿಲ್ಲ ಹೇಳು ಎನ್ನುತ್ತಾರೆ, ಅಲ್ಲಿ ಕೆಲಸಕ್ಕೆ ಬರುವುದು ಈ ಅಭ್ಯಾಸ.

ಲ್ಯಾಪ್‌ಟಾಪ್ ಕೊಳ್ಳುವುದಿದ್ದರೆ 16 ಜಿಬಿ ರ‍್ಯಾಮ್‌ಗಿಂತ ಕಡಿಮೆಯದ್ದು ಬೇಡ. 800 ಕೋಟಿ ಪ್ಯಾರಾಮೀಟರಿನ (ಕಲಿತದ್ದನ್ನು ಹಿಡಿದಿಡುವ ಅಂಕಿಗಳ) ಮುಕ್ತ ಎಐ ಮಾದರಿಯನ್ನು, ಒಂದೊಂದು ಅಂಕಿಗೆ 4 ಬಿಟ್ಟಿನ ಜಾಗಕ್ಕೆ ಇಳಿಸಿದರೆ ಸುಮಾರು 5 ಜಿಬಿ ನೆನಪಿನಲ್ಲಿ ಕೂರುತ್ತದೆ, ನೆಟ್ ಇಲ್ಲದೆಯೂ ಓಡುತ್ತದೆ. ಆಷಾಢದ ಮಳೆಗೆ ಲೈನ್ ಕೆಡುವ ಊರುಗಳಿಗೆ ಇದು ಸಣ್ಣ ವಿಷಯವಲ್ಲ. ದೊಡ್ಡ ಮಾದರಿಗಳಷ್ಟು ಚುರುಕಿರದು, ತಪ್ಪು ಹೆಚ್ಚು. ತಪ್ಪು ಹಿಡಿಯುವ ಅಭ್ಯಾಸಕ್ಕಂತೂ ಒಳ್ಳೆಯದು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ಮಾಡುವ ಲೈಬ್ರರಿ ನಿರ್ವಹಣೆ ಬಿಡಿ. ನಿಮ್ಮೂರಿನ ಒಂದು ಅಂಗಡಿ, ಹಾಲು ಸೊಸೈಟಿ, ಸಹಕಾರಿ ಸಂಘಕ್ಕೆ ಹೋಗಿ ಒಂದು ವಾರ ಮೂಲೆಯಲ್ಲಿ ಕೂತು ನೋಡಿ. ತಂತ್ರಾಂಶ ಬರೆಸುವ ಖರ್ಚು ಇಳಿದಂತೆ, ಈವರೆಗೆ ಕೈಬರಹದ ಪುಸ್ತಕದಲ್ಲೇ ಇದ್ದ ಇಂಥ ಕಡೆಗಳಿಗೂ ತಂತ್ರಾಂಶ ಬರಲಿದೆ. ಅವರ ಮಾತನ್ನು ತುಳುವಿನಲ್ಲೋ ಮಲಯಾಳದಲ್ಲೋ ಕನ್ನಡದಲ್ಲೋ ಕೇಳಿ, ಬರೆದುಕೊಂಡು, ತಪ್ಪಿಲ್ಲದೆ ಯಂತ್ರಕ್ಕೆ ಹೇಳಬಲ್ಲವರು ಬೆಂಗಳೂರಿನಲ್ಲಿ ಕೂತವರಿಗಿಂತ ಇಲ್ಲಿಯವರೇ ಹೆಚ್ಚು. ಕೋಡು ಒಂದು ಸಾಲೂ ಹುಟ್ಟುವ ಮೊದಲು ಆ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯಗಳು ಇರಬೇಕು: 2025ರ ಬಿಲ್ಲನ್ನು 2027ರಲ್ಲಿ ತೆರೆದರೂ ಬಗೆ, ದರ, ಮೊತ್ತ ಮೂರೂ ಅಂದಿನಂತೆಯೇ ಇರಬೇಕು. ‘ಗೋ’ ಯಾವ ರೂಪದಲ್ಲಿ ಟೈಪಾದರೂ ಅದೇ ಖಾತೆ ಸಿಗಬೇಕು. 37.650 ಕಿಲೋಗೆ 435.50ರಂತೆ ಪರದೆ, ಪ್ರಿಂಟು, ತಿಂಗಳ ವರದಿ ಮೂರರಲ್ಲೂ 16,396.58 ಬರಬೇಕು. ಬಿಲ್ಲು ಉಳಿಸುವ ನಡುವೆ ಕರೆಂಟು ಹೋದರೆ ಪೂರ್ತಿ ಬಿಲ್ಲು ಇರಬೇಕು, ಇಲ್ಲವೇ ಏನೂ ಇರಬಾರದು. ಅರ್ಧ ಬಿಲ್ಲು ಇರಕೂಡದು.